ತಲೆಕೆಳಗಾದ ಬೆಳ್ಳಕ್ಕಿ

ನನಗೆ ಮೂಗಿನ ಮೇಲೇ ಸಿಟ್ಟು. ನಾನು ತೆಗೆದ ಫೋಟೋಕ್ಕೆ ಯಾರಾದರೂ ಕೊಂಕು ತೆಗೆದರಂತೂ ಮುಗಿದೇ ಹೋಯಿತು. ಅಂಥವಳು ಭಾನುವಾರ ಬಂತೆಂದರೆ ಬೈಸಿಕೊಳ್ಳಲಿಕ್ಕೆಂದೇ ಕೊಪ್ಪಳದ ಬಸ್ ನಿಲ್ದಾಣದ ಹತ್ತಿರದ ಹೋಟೆಲ್ಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಈಗಲೂ ಅದನ್ನು ಹೇಳಿ ನಗುತ್ತಾರೆ.

ನಾವು ನಾಲ್ಕು ಮಂದಿ. ಔಷಧಿ ಅಂಗಡಿ ಇಟ್ಟುಕೊಂಡ ನಾನು, ಗಂಗಾವತಿಯ ಬಟ್ಟೆ ವ್ಯಾಪಾರಿ ಸಾಹೇಬರು, ಕುಷ್ಟಗಿಯ ದನದ ಡಾಕ್ಟರು, ಮತ್ತೆ ಮಾಸ್ತರು. ಮಾಸ್ತರು ಯಲಬುರ್ಗಾ ಕಡೆ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಿಟ್ನಾಳದಲ್ಲಿ ಮಗ ಸೊಸೆಯ ಜೊತೆಗಿದ್ದರು. ಎಲ್ಲರಿಗೂ ಒಂದೇ ಹುಚ್ಚು. ಗುಡ್ಡ, ಕೆರೆ, ಗದ್ದೆ, ಎರೆಹೊಲ ಎಲ್ಲಿ ಕಂಡರೂ ಕ್ಯಾಮೆರಾ ಹಿಡಿದು ನಿಂತುಬಿಡುವುದು.

ಮಾಸ್ತರು ಹಾಕಿಕೊಟ್ಟ ಪದ್ಧತಿಯೊಂದಿತ್ತು. ಮೊಬೈಲಿನಲ್ಲಿ ತೋರಿಸುವಂತಿಲ್ಲ, ಪ್ರಿಂಟ್ ಹಾಕಿಸಿಯೇ ತರಬೇಕು. ತಂದದ್ದನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಡಬೇಕು. ಹಾಗಿಟ್ಟರೆ ಇದು ಗುಡ್ಡ, ಇದು ಗಿಡ ಅನ್ನುವುದು ಮರೆತುಹೋಗಿ, ಬೆಳಕು ಎಲ್ಲಿ ಹೆಚ್ಚಾಯಿತು, ಯಾವ ಮೂಲೆ ಖಾಲಿ ಬಿತ್ತು ಎಂಬುದಷ್ಟೇ ಕಾಣುತ್ತದೆ ಎಂದು ಅವರ ವಾದ. ಆಮೇಲೆ ಅವರೇ ಅದನ್ನು ಸೀದಾ ತಿರುಗಿಸಿ ಮೊದಲ ಮಾತು ಆಡುವರು. ಎಲ್ಲರದೂ ಮುಗಿಯುವ ತನಕ ಫೋಟೋ ತೆಗೆದವರು ಬಾಯಿಗೆ ಬೀಗ ಹಾಕಿಕೊಂಡು ಕೂಡಬೇಕು.

ಅವರ ಬಾಯಿಯೋ, ದೇವರೇ! ನನ್ನದೊಂದು ಸೂರ್ಯಾಸ್ತ ನೋಡಿ, "ಸೂರ್ಯ ದಿನಾ ಮುಳುಗ್ತಾನ ತಂಗಿ, ಅದರಾಗೇನು? ಇದ್ರಾಗ ನೀ ಎಲ್ಲಿ ಅದಿ?" ಎಂದಿದ್ದರು. ತಟ್ಟೆಯ ಮಿರ್ಚಿ ಭಜಿ ಹಾಗೇ ಬಿಟ್ಟು ಎದ್ದು ಬಂದಿದ್ದೆ. ಮರುವಾರ ಮತ್ತೆ ಹಾಜರು. ನನ್ನ ಫೋಟೋವನ್ನು ಅಷ್ಟು ಹೊತ್ತು ನೋಡುವವರು ಬೇರೆ ಯಾರಿದ್ದರು?

ಆವತ್ತು ಸಾಹೇಬರ ಸರದಿ. ಸಾಣಾಪುರದ ಕೆರೆಯನ್ನು ತಂದಿದ್ದರು. ಬಂಡೆಗಳ ಗುಡ್ಡ, ಅದರ ನೆರಳು ಹಾಗೇ ನೀರಿನಲ್ಲಿ, ದಂಡೆಯ ಹತ್ತಿರ ಒಂದು ಬೆಳ್ಳಕ್ಕಿ. ಪದ್ಧತಿಯಂತೆ ತಲೆಕೆಳಗಾಗಿಯೇ ಇಟ್ಟರು. ಮಾಸ್ತರು ಮುಖಕ್ಕೆ ಹತ್ತಿರ ಹಿಡಿದು ನೋಡಿದರು. ತಿರುಗಿಸಿದರು, ಮತ್ತೆ ತಿರುಗಿಸಿದರು. ಕಡೆಗೆ ಮೇಜಿನ ಮೇಲಿಟ್ಟು, "ಈಗ ಸೀದಾ ಆತು ನೋಡ್ರಿ" ಎಂದರು.

ಸೀದಾ ಎಲ್ಲಿ ಬಂತು? ಬೆಳ್ಳಕ್ಕಿ ಕಾಲು ಮೇಲೆ ಮಾಡಿ ನೇತಾಡುತ್ತಿತ್ತು.

"ಮ್ಯಾಲೆ ಮೋಡ ಭಾಳ ಛಲೋ ಬಂದಾವ ಸಾಹೇಬ್ರ, ಪದರ ಪದರ. ಕೆಳಗಿನ ನೀರು ಮಾತ್ರ ಸಪ್ಪಗ ಆತು" ಎಂದರು ಮಾಸ್ತರು.

ಅವರು ಮೋಡ ಎಂದದ್ದು ಕೆರೆಯ ತೆರೆಗಳನ್ನು, ನೀರು ಎಂದದ್ದು ಖಾಲಿ ಆಕಾಶವನ್ನು. ಮಾಸ್ತರು ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡು ಡಾಕ್ಟರು ಕಿಸಕ್ಕನೆ ನಕ್ಕರು. ಮಾಸ್ತರ ಮುಖ ನೋಡಿ ಅವರ ನಗು ಅಲ್ಲೇ ನಿಂತಿತು. ಸಾಹೇಬರು ಪದ್ಧತಿಗೆ ಕಟ್ಟುಬಿದ್ದು ತುಟಿ ಪಿಟಕ್ ಎನ್ನಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿದ್ದವು.

"ಯಾಕ, ಎಲ್ಲಾರೂ ಸುಮ್ಕಾದ್ರಿ?"

ಯಾರೂ ಹೇಳದಿದ್ದಾಗ ನಾನೇ ಹೇಳಿದೆ. "ಸರ್, ಅದು ಇನ್ನೂ ತಲಿಕೆಳಗ ಐತ್ರಿ."

ಅವರು ಫೋಟೋದ ಅಂಚನ್ನು ಬೆರಳಿನಿಂದ ಸವರಿ, ಎದ್ದು, ಕುರ್ಚಿ ಹಿಡಿದು ಹಿಡಿದು ಹೊರಗೆ ಹೋದರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಾ ಬಂದದ್ದು, ಅದನ್ನು ನಮ್ಮಿಂದ ಮುಚ್ಚಿಟ್ಟದ್ದು ಆಮೇಲೆ ಅವರ ಸೊಸೆಯಿಂದ ಗೊತ್ತಾಯಿತು. ನಾಲ್ಕು ಮಂದಿಯ ಆ ಮೇಜೊಂದೇ ಅವರಿಗೆ ಉಳಿದಿತ್ತು. ಅದೂ ಹೋಯಿತೆಂದುಕೊಂಡು ಮನೆ ಸೇರಿಬಿಟ್ಟರು.

ಅವರಿಲ್ಲದೆ ಭಾನುವಾರ ನಿಂತೇ ಹೋಯಿತು. ಉಳಿದ ಮೂವರು ವಾಟ್ಸಾಪಿನಲ್ಲಿ ಫೋಟೋ ಹಾಕತೊಡಗಿದೆವು. ಏನು ಹಾಕಿದರೂ "ಸೂಪರ್", ಏನು ಹಾಕಿದರೂ ಎರಡು ಗುಲಾಬಿ ಹೂವು. ನನ್ನ ಬೆರಳೇ ಲೆನ್ಸಿಗೆ ಅಡ್ಡ ಬಂದ ಒಂದು ಫೋಟೋಕ್ಕೂ ಡಾಕ್ಟರು ಚಪ್ಪಾಳೆ ಕಳಿಸಿದರು. ತಲೆ ಚಿಟ್ಟು ಹಿಡಿಯಿತು. ಮರುದಿನವೇ ಅಂಗಡಿ ಬಾಗಿಲು ಹಾಕಿ ಹಿಟ್ನಾಳದ ಬಸ್ಸು ಹತ್ತಿದೆ.

ಮಾಸ್ತರು ಕಟ್ಟೆಯ ಮೇಲೆ ಕೂತಿದ್ದರು. ನನ್ನ ದನಿ ಕೇಳಿ, "ಬಾ ತಂಗಿ. ಕಣ್ಣಿಲ್ದಾಂವ ಚಿತ್ರ ನೋಡ್ತೀನಿ ಅಂದ್ರ ಮಂದಿ ನಗ್ತಾರ. ನನ್ನ ಬಿಟ್ಟುಬಿಡ್ರಿ" ಎಂದರು.

ಸಮಾಧಾನ ಹೇಳಲೆಂದೇ ಹೋದವಳಿಗೆ ಎಲ್ಲಿತ್ತೋ ಸಿಟ್ಟು! "ನಿಮ್ಮ ಕಣ್ಣು ಹೋದ್ವು, ಖರೆರಿ. ನಮಗ ಬೈಯಾವ್ರೇ ಹೋದ್ರಲ್ಲ, ಅದಕ್ಕೇನು ಮಾಡೂಣು? ಹೊಗಳಿಸ್ಕೊಂಡು ಹೊಗಳಿಸ್ಕೊಂಡು ಹಾಳಾಗಿ ಹೊಂಟೀವಿ!"

ಸೊಸೆ ಚಹಾ ತಂದಿಟ್ಟು ಹೋದಳು. "ಏನು ತಂದೀ?" ಎಂದು ಮಾಸ್ತರು ಮೆಲ್ಲಗೆ ಕೇಳಿದರು.

ಚೀಲದಿಂದ ಪ್ರಿಂಟ್ ತೆಗೆದು ಹೇಳತೊಡಗಿದೆ. "ನವಲಿ ಊರ ಗದ್ದಿರಿ. ಹೊತ್ತು ಮೂಡೂ ಮುಂದ ತೆಗದದ್ದು. ಭಾಳ ಚಂದ..."

"ಚಂದ ಅನ್ನಬ್ಯಾಡ. ಎಲ್ಲೆಲ್ಲಿ ಏನೇನೈತಿ, ಅಷ್ಟ ಹೇಳು."

"ಮ್ಯಾಲ ಕೆಂಪು ಆಕಾಶರಿ. ಎಡಕ್ಕ ಒಂದು ಲೈಟಿನ ಕಂಬ. ಕೆಳಗೆಲ್ಲಾ ಗದ್ದಿ ನೀರು."

"ನೀರು ಎಷ್ಟು?"

"ಅರ್ಧ ಫೋಟೋ ಅದರಿ."

"ನೀರಾಗ ಏನೈತಿ?"

"ಏನಿಲ್ರಿ." ಹೇಳುವಾಗಲೇ ನಾಲಿಗೆ ತಡವರಿಸಿತು. "ಆಚಿ ಬದುವಿನ ಹತ್ರ ಹೆಣ್ಮಕ್ಕಳು ಸಸಿ ಹಚ್ಚಾಕತ್ಯಾರ."

"ನೀ ಹೋಗಿದ್ದು ಯಾರನ್ನ ತೆಗ್ಯಾಕ?"

"ಅವರನ್ನ."

"ಮತ್ತ ಅವರನ್ನ ಕಡೀಕ ಹೇಳ್ತಿ! ಎಷ್ಟು ಕಾಣ್ತಾರ?"

"ಇರಿವಿಯಷ್ಟರಿ."

"ಹತ್ರ ಯಾಕ ಹೋಗ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಅವರಿಗೇನು ಕಾಣುತ್ತಿತ್ತು? ಆದರೆ ಆ ಮುಖದ ಮುಂದೆ ಆಗಲಿಲ್ಲ. "ಬೂಟು ಕೆಸರಾಗ್ತಾವ ಅಂತ ಹೋಗ್ಲಿಲ್ರಿ."

"ಹಂಗಾದ್ರ ಇದು ಗದ್ದಿ ಫೋಟೋ ಅಲ್ಲ ತಂಗಿ, ನಿನ್ನ ಬೂಟಿನ ಫೋಟೋ!" ಎಂದು ಗಹಗಹಿಸಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಉರಿಯುತ್ತಲೇ ಅಳು ಬಂತು, ಅಷ್ಟು ಖುಷಿಯಾಗಿತ್ತು. ಒಳಗಿಂದ ಸೊಸೆ ಗಾಬರಿಯಾಗಿ ಓಡಿ ಬಂದಳು; ಮಾವ ನಕ್ಕದ್ದನ್ನು ಅವಳು ಕೇಳದೆ ಬಹಳ ದಿನವಾಗಿತ್ತಂತೆ.

ನಗು ಇಳಿದ ಮೇಲೆ ಅವರು ಚಹಾದ ಕಪ್ಪುಬಸಿಯನ್ನು ತಡವಿ ಪಕ್ಕಕ್ಕೆ ಸರಿಸಿದರು. ಒಂದು ಲೋಟ ನೀರು ಕೇಳಲೂ ಹಿಂಜರಿಯುವ ಮನುಷ್ಯ ಅವರು. ತಲೆ ತಗ್ಗಿಸಿಕೊಂಡೇ ಕೇಳಿದರು:

"ಐತವಾರ ಹೋಟೆಲ್ಲಿಗೆ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗಾಕ ಯಾರರ ಬರ್ತೀರೇನು?"

"ನಾನ ಬರ್ತೀನ್ರಿ ಸರ್" ಎಂದೆ.