ಮೂರೂರಿನ ತೋಡುಮೀನು

ಮದುವೆಗೆ ಮೊದಲೇ ನನಗೊಂದು ಸಂಸಾರವಿತ್ತು ಎಂದರೆ ತಪ್ಪು ತಿಳಿಯಬೇಡಿ. ಅದು ಹನ್ನೊಂದು ಮೀನುಗಳ ಸಂಸಾರ. ಕಿರುಬೆರಳಿನಷ್ಟು ಉದ್ದ, ಬೆಳ್ಳಿ ಮೈಗೆ ನೀಲಿ ಪಟ್ಟೆ. ಪುಸ್ತಕದಲ್ಲಿ ಡೇನಿಯೋ ಎಂಬ ಘನವಾದ ಹೆಸರು. ನಮ್ಮ ಕಡೆ ಬರೀ ತೋಡಿನ, ಅಂದರೆ ಹಳ್ಳದ, ಮೀನು. ಈಗ ಪೇಟೆಯವರು ದುಡ್ಡು ಕೊಟ್ಟು ತಂದು ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರಂತೆ. ನಾನು ಅರುವತ್ತರ ದಶಕದಲ್ಲೇ ಮೈ ಒರೆಸುವ ಬೈರಾಸಿನಲ್ಲಿ ಹಿಡಿದು ಪೆಪ್ಪರಮಿಂಟಿನ ಗಾಜಿನ ಭರಣಿಯಲ್ಲಿ ಸಾಕಿದವನು.

ಆಗ ನಾನು ವಿಜ್ಞಾನದ ಮಾಸ್ತರ. ಬಂಟ್ವಾಳದಲ್ಲಿ ಕೆಲಸಕ್ಕೆ ಸೇರಿದಾಗ ಐದು ಹಿಡಿದೆ. ಒಂಟಿಯಾಗಿಟ್ಟರೆ ಇವು ಸೊರಗುತ್ತವೆ. ಬೆಳ್ತಂಗಡಿಗೆ ವರ್ಗವಾದಾಗ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸು ಹತ್ತಿದೆ; ಅಲ್ಲಿ ಮೂರು ಸೇರಿದವು. ಮೂಡುಬಿದಿರೆಗೆ ಬಂದ ಮೇಲೆ ಪಕ್ಕದ ಶಿರ್ತಾಡಿಯ ತೋಡಿನಿಂದ ಇನ್ನೂ ಮೂರು.

ಒಂಟಿ ಗಂಡಸಿಗೆ ಅಲ್ಲಿ ಕೋಣೆ ಸಿಗುವುದು ಸುಲಭವಿರಲಿಲ್ಲ. ಕೊಟ್ಟವರು ಬಸದಿಯ ಹತ್ತಿರದ ಜೈನರ ಮನೆಯ ಪದ್ಮಾವತಿ ಅಮ್ಮ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ಮತ್ತೆ ಬಾವಿಗೇ ತೊಳೆದು ಬಿಡುವವರು. ಪಕ್ಕದ ಬಾವಿಗಲ್ಲ, ಅದೇ ಬಾವಿಗೆ. ಕಣ್ಣಿಗೆ ಕಾಣದ ಜೀವಕ್ಕೇ ಇಷ್ಟು ಮರ್ಯಾದೆಯಾದರೆ, ಕಾಣುವ ಹನ್ನೊಂದನ್ನು ಸುಮ್ಮನೆ ಬಿಟ್ಟಾರೆಯೇ? ಮೀನುಗಳು ಮೂರು ಊರಿನವೆಂದು ನನ್ನ ಬಾಯಿಂದಲೇ ಕೇಳಿದ್ದವರು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು: ಭಾನುವಾರದೊಳಗೆ ಒಂದೊಂದನ್ನೂ ಅದರದರ ನೀರಿಗೆ ಬಿಟ್ಟು ಬರಬೇಕು, ಇಲ್ಲವಾದರೆ ಕೋಣೆ ಖಾಲಿ ಮಾಡಬೇಕು.

ನನಗೆ ಮೀನೂ ಬೇಕು, ಕೋಣೆಯೂ ಬೇಕು. ಹೆದರಲಿಲ್ಲವೆಂದರೆ ಸುಳ್ಳಾದೀತು. ಆದರೆ ನನ್ನ ಮೀನಿನ ಮೇಲೆ ನನಗೆ ಭರವಸೆಯಿತ್ತು: ಹನ್ನೊಂದೂ ಒಂದೇ ಅಚ್ಚಿನವು. ಈ ಗುಂಪಿಗೆ ನಾಯಕನಿಲ್ಲ. ತಿರುಗಿದರೆ ಹಿಂದಿದ್ದದ್ದೇ ಮುಂದು. ನಮ್ಮ ಪಂಚಾಯತಿಗಳಿಗೆ ಇದನ್ನು ಕಲಿಸಲು ಯಾರಿಂದಲೂ ಆಗಿಲ್ಲ. ಭಾನುವಾರ ಭರಣಿಯನ್ನು ಜಗಲಿಗೆ ತಂದು, ಬಂಟ್ವಾಳದವು ಯಾವುವೆಂದು ಅಮ್ಮನೇ ತೋರಿಸಿದರೆ ಈಗಲೇ ಬಸ್ಸು ಹತ್ತುತ್ತೇನೆಂದೆ.

ಅವರು ಕನ್ನಡಕ ಹಾಕಿ ಕುಳಿತರು. ಬೆರಳು ಒಂದರ ಮೇಲೆ ನಿಲ್ಲುವಷ್ಟರಲ್ಲಿ ಅಲ್ಲಿ ಇನ್ನೊಂದಿರುತ್ತಿತ್ತು. ತಪ್ಪಿ ಬೇರೆ ನೀರಿಗೆ ಬಿಟ್ಟರೆ ಪಾಪ ಯಾರ ತಲೆಗೆ ಎಂದು ಮೆಲ್ಲನೆ ಕೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ನಾನು ಗೆದ್ದೆನೆಂದೇ ತಿಳಿದೆ.

"ಮಾಸ್ಟ್ರೇ, ನಿಮ್ಮ ಊರು ಯಾವುದು?"

ಹುಟ್ಟಿದ್ದು ಕನ್ಯಾನ, ಅಪ್ಪ ಅಮ್ಮ ತೀರಿಹೋದ ಮೇಲೆ ಅಲ್ಲಿ ಯಾರೂ ಇಲ್ಲ, ಬೆಳೆದದ್ದು ಸೋದರಮಾವನ ಮನೆಯಲ್ಲಿ, ಆಮೇಲೆ ಬಂಟ್ವಾಳ, ಬೆಳ್ತಂಗಡಿ ಎಂದು ಪಾಠ ಒಪ್ಪಿಸಿದಂತೆ ಹೇಳುತ್ತಾ ಹೋದವನು ನಡುವೆ ನಿಂತುಬಿಟ್ಟೆ. ಪಟ್ಟಿ ಉದ್ದವಿತ್ತು, ಅದರಲ್ಲಿ ನನ್ನದೆನ್ನುವ ಊರಿರಲಿಲ್ಲ. ನಾಚಿಕೆಯೂ ಆಯಿತು, ದುಃಖವೂ ಆಯಿತು.

"ನಿಮ್ಮನ್ನು ಕೂಡಾ ಯಾವ ನೀರಿಗೆ ಬಿಡುವುದು ಅಂತ ಗೊತ್ತಾಗುವುದಿಲ್ಲ. ಹನ್ನೆರಡು ಜನವೂ ಇಲ್ಲೇ ಇರಿ," ಎಂದು ಅವರು ಎದ್ದು ಒಳಗೆ ಹೋದರು.

ಮರುವರ್ಷ ಕಚೇರಿಯಿಂದ ಬಂದ ಕಾಗದವೊಂದರಲ್ಲಿ ಸ್ವಂತ ಊರು ಬರೆಯಬೇಕಿತ್ತು. ಪೆನ್ನು ತಡವರಿಸಲಿಲ್ಲ, ದೊಡ್ಡ ಅಕ್ಷರದಲ್ಲಿ ಮೂಡುಬಿದಿರೆ ಎಂದು ಬರೆದೆ.