ಅಕ್ಕನಿಗೊಂದು ಬೇರೆ ಪುಟ

ಶಾಯಣ್ಣನ ಅಂಗಿಯ ಬಲತೋಳಿನಲ್ಲಿ ಶಾಯಿಯ ಕಲೆ ಇಲ್ಲದ ದಿನವನ್ನು ನಮ್ಮ ಆಫೀಸಿನಲ್ಲಿ ಯಾರೂ ಕಂಡಿಲ್ಲ. ಆ ಹೆಸರು ಅಂಟಿಕೊಂಡದ್ದೂ ಅದಕ್ಕೇ. ‘ಮುಷ್ಟಿ’ ಎನ್ನುವ ಕಾಮಿಕ್ ಮಾಸಿಕಕ್ಕೆ ಕಥೆ ಹೊಸೆಯುವವರು, ಚಿತ್ರ ಬಿಡಿಸುವವರು, ಮಾತಿನ ಗುಳ್ಳೆಗಳೊಳಗೆ ಅಕ್ಷರ ತುಂಬುವವರು ಎಲ್ಲ ಅವರೇ. ನಾನು ಪುಟ ಜೋಡಿಸುವವಳು. ಓದುಗರ ಅಭಿಪ್ರಾಯದ ಕೊನೆಯ ಪುಟವೂ ನನ್ನ ಕೊರಳಿಗೇ ಬಿದ್ದಿತ್ತು.

ಮುಷ್ಟಿ ಎಂದರೆ ಐವರು ಮಹಾವೀರರ ತಂಡ. ಬಂಡೆ ಗೋಡೆ ಒಡೆಯುತ್ತಾನೆ, ಕಿಡಿ ಬೆಂಕಿ ಕಾರುತ್ತಾಳೆ, ಗಾಳಿ ಹಾರುತ್ತಾನೆ, ಮಾಯ ಕಣ್ಣೆದುರೇ ಇಲ್ಲವಾಗುತ್ತಾನೆ. ಐದನೆಯವಳು ದೂರಗಿವಿ. ಊರಿನ ಯಾವ ಮೂಲೆಯಲ್ಲಿ ಯಾರು ಕೂಗಿಕೊಂಡರೂ ಅವಳಿಗೆ ಕೇಳಿಸುತ್ತದೆ. ಎಲ್ಲಿಗೆ ಓಡಬೇಕೆಂದು ಉಳಿದ ನಾಲ್ವರಿಗೆ ಹೇಳುತ್ತಾಳೆ. ಅವಳ ಕೆಲಸ ಅಷ್ಟೇ. ಯಾರಿಗೂ ಒಂದೇಟು ಹೊಡೆದವಳಲ್ಲ.

ಓದುಗರ ವಿಷಯದಲ್ಲಿ ನನಗೆ ಅಂಥ ಭಕ್ತಿಯೇನೂ ಇಲ್ಲ. ಮನೆಯಲ್ಲಿ ಕುಡಿದ ಲೋಟ ಎತ್ತಿಡದವರೂ ಬಂಡೆ ಗೋಡೆ ಒಡೆದ ರೀತಿ ಸರಿಯಿಲ್ಲವೆಂದು ಎರಡು ಹಾಳೆ ಬರೆಯುತ್ತಾರೆ. ಹಾಗೆ ಬಂದ ಪತ್ರಗಳಿಗೆ ನಮ್ಮಲ್ಲೊಂದು ಪದ್ಧತಿಯಿತ್ತು. ಗೋಡೆಯ ಮೇಲೆ ಐವರಿಗೂ ಒಂದೊಂದು ಹಗ್ಗ. ಯಾರ ಬಗ್ಗೆ ಪತ್ರ ಬಂದಿದೆಯೋ ಅವರ ಹಗ್ಗಕ್ಕೆ ಅದನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಹೊಗಳಿದ್ದರೆ ಬಿಳಿ ಕ್ಲಿಪ್ಪು, ಬೈದಿದ್ದರೆ ಕೆಂಪು. ಪತ್ರ ಓದುವ ಪುರುಸೊತ್ತು ಪತ್ರಿಕೆಯ ಯಜಮಾನರಿಗೆ ಇರಲಿಲ್ಲ. ಬಾಗಿಲಲ್ಲೇ ನಿಂತು ಬಣ್ಣ ನೋಡಿಕೊಂಡು ಹೋಗುತ್ತಿದ್ದರು.

ದೂರಗಿವಿಯ ಹಗ್ಗದಲ್ಲಿ ಕೆಂಪು ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ‘ನಾಲ್ಕು ಜನ ಬೆವರು ಸುರಿಸುವಾಗ ಈಕೆ ಕಿವಿಗೆ ಕೈಯಿಟ್ಟು ಕೂತಿರುತ್ತಾಳೆ, ಇಷ್ಟು ಕೆಲಸ ನಮ್ಮಜ್ಜಿಯೂ ಮಾಡುತ್ತಾಳೆ’ ಎಂದು ಒಬ್ಬ. ‘ಈ ಕಿವಿಯಮ್ಮನನ್ನು ಯಾವಾಗ ಸಾಯಿಸುತ್ತೀರಿ?’ ಎಂದು ಇನ್ನೊಬ್ಬ. ನಾನು ಅವುಗಳನ್ನು ಸಿಕ್ಕಿಸುವಾಗ ಶಾಯಣ್ಣ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ಯಾಕೆಂದರೆ ದೂರಗಿವಿಯ ಮುಖ ಅವರ ಅಕ್ಕನದು. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆ ಮಾತು ಜೋಡಿಸುತ್ತಿದ್ದವರಿಗೆ ಕಿವಿ ಮಂದವಾಗುತ್ತ ಬಂದು, ಕೊನೆಗೆ ಪೂರ್ತಿ ಹೋಯಿತು. ಅದರ ಹಿಂದೆಯೇ ಕೆಲಸವೂ ಹೋಯಿತು. ಆಮೇಲೆ ಅವರು ಮನೆಯ ಹೊಸಿಲು ದಾಟುವುದನ್ನೇ ಬಿಟ್ಟರು. ಅಂಗಡಿಯವನು ಹೇಳಿದ್ದು ಕೇಳಿಸದೆ ನಾಲ್ಕು ಜನರ ಎದುರು ಪೆಚ್ಚಾಗಿ ನಿಲ್ಲುವುದು ಯಾರಿಗೆ ಬೇಕು? ಶಾಯಣ್ಣ ಐದನೆಯವಳನ್ನು ಬಿಡಿಸಿದ್ದು ಆಗಲೇ. ಮೊದಲ ಸಂಚಿಕೆ ನೋಡಿದ ಅಕ್ಕ ಆ ದಿನವೇ ಅದನ್ನು ಕಂಕುಳಲ್ಲಿಟ್ಟುಕೊಂಡು ಹಣ್ಣಿನಂಗಡಿಗೆ ಹೊರಟರಂತೆ. “ಐದನೆಯವಳು ನಾನೇ” ಎಂದು ಅಂಗಡಿಯವನಿಗೆ ಪುಟ ತೆರೆದು ತೋರಿಸಿದರಂತೆ. ಅಲ್ಲಿಂದ ಮುಂದೆ ಪೇಟೆಯ ಕೆಲಸವೆಲ್ಲ ಅವರದೇ ಆಯಿತು. ಅಕ್ಕನ ಆ ಠೀವಿ ಹಾಗೇ ಉಳಿಯಬೇಕು ಎನ್ನುವುದೊಂದೇ ಶಾಯಣ್ಣನ ಆಸೆ.

ತೊಂದರೆ ಏನೆಂದರೆ, ಅಕ್ಕ ಪುಸ್ತಕ ಕೈಗೆ ಬಂದ ಕೂಡಲೇ ತೆರೆಯುತ್ತಿದ್ದದ್ದು ಕೊನೆಯ ಪುಟ. ಜನ ಏನನ್ನುತ್ತಾರೆ ಎಂದು ಅವರಿಗೆ ಕುತೂಹಲ. ಬೈಗುಳ ಶುರುವಾದ ತಿಂಗಳು ಶಾಯಣ್ಣ ನನ್ನ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಂಡು ನಿಂತರು.

“ಒಂದೇ ಒಂದು ಪ್ರತಿಗೆ ಕೊನೇ ಪುಟ ಬೇರೆ ಹಾಕಿಕೊಡ್ತೀಯೇನಮ್ಮ? ಬರೆದು ನಾನು ಕೊಡ್ತೀನಿ.”

ಹಾಗೆ ಶುರುವಾಯಿತು. ತಿಂಗಳು ತಿಂಗಳೂ ಊರಿಗೆಲ್ಲ ಒಂದು ಪುಟ, ಅಕ್ಕನಿಗೊಂದು ಪುಟ. ಅಕ್ಕನ ಪುಟದಲ್ಲಿ ಓದುಗರೆಲ್ಲ ಬೆಣ್ಣೆಯಂಥವರು. ದೂರಗಿವಿ ಇಲ್ಲದಿದ್ದರೆ ಮುಷ್ಟಿಯೇ ಇಲ್ಲ ಎನ್ನುವವರು.

“ಒಬ್ಬನಾದ್ರೂ ಬೈಯ್ಲಿ ಶಾಯಣ್ಣ, ಇಷ್ಟು ಸಿಹಿಯಾದ್ರೆ ಇರುವೆ ಮುತ್ತುತ್ತೆ” ಎಂದು ನಾನು ರೇಗಿಸಿದೆ.

“ಅಕ್ಕನ್ನ ಬೈಯೋ ಮಾತು ನನ್ನ ಕೈಯಲ್ಲಿ ಬರೆಯೋಕಾಗಲ್ಲ” ಎಂದರು.

ಕೊನೆಗೊಂದು ದಿನ ಯಜಮಾನರು ಬಾಗಿಲಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತರು. “ಆ ಹಗ್ಗ ಪೂರ್ತಿ ಕೆಂಪಗಿದೆಯಲ್ಲ. ಮುಂದಿನ ಸಂಚಿಕೆಯಲ್ಲಿ ಆ ಹೆಂಗಸನ್ನ ಮುಗಿಸಿಬಿಡಿ” ಎಂದರು. ಶಾಯಣ್ಣ ಜನ್ಮದಲ್ಲಿ ಯಾರ ಜೊತೆಗೂ ವಾದಿಸಿದವರಲ್ಲ, ಅಂದು ವಾದಿಸಿದರು. ಕಲ್ಲಿನ ಮುಂದೆ ಹಾಡಿದಂತಾಯಿತು. ಆಮೇಲೆ ಅವರಿಗೆ ಹೊಳೆದದ್ದು ಇನ್ನೂ ಹುಚ್ಚು ಉಪಾಯ. ಊರಿನ ಸಂಚಿಕೆಯಲ್ಲಿ ದೂರಗಿವಿ ಸಾಯಲಿ, ಅಕ್ಕನಿಗೆ ಬೇರೆಯದೇ ಪೂರ್ತಿ ಸಂಚಿಕೆ ಬಿಡಿಸುತ್ತೇನೆ, ಅದರಲ್ಲಿ ಅವಳು ಬದುಕಿರುತ್ತಾಳೆ. ಈ ತಿಂಗಳು, ಮುಂದಿನ ತಿಂಗಳು, ಅಕ್ಕ ಇರುವವರೆಗೂ. ಕಣ್ಣು ಹೋಗುತ್ತೆ ಶಾಯಣ್ಣ ಎಂದೆ. ನನ್ನ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಅದನ್ನು ಅರ್ಧ ಬಿಡಿಸಿರುವಾಗಲೇ ಅಕ್ಕನಿಗೆ ಹಲ್ಲುನೋವು ಬಂತು.

ಆ ಸಂಜೆ ಬಣ್ಣದ ವಿಷಯ ಮಾತಾಡಲು ನಾನೂ ಅವರ ಮನೆಗೆ ಹೋಗಿದ್ದೆ. ಕೆನ್ನೆ ಊದಿಸಿಕೊಂಡು ಅಕ್ಕ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಒಂದೇ ತಿಂಗಳ ಮುಷ್ಟಿಯ ಎರಡು ಪ್ರತಿ, ಎರಡರಲ್ಲೂ ಕೊನೆಯ ಪುಟ ತೆರೆದಿತ್ತು. ಒಂದು ಅವರದು. ಇನ್ನೊಂದನ್ನು ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುವ ಬೆಂಚಿನ ಮೇಲಿಂದ ಕೇಳಿ ತಂದಿದ್ದರು.

“ಇದರಲ್ಲಿ ನನ್ನನ್ನ ದೇವತೆ ಅಂತಾರೆ, ಅದರಲ್ಲಿ ಸಾಯಿಸಿ ಅಂತಾರೆ. ಯಾವುದು ಕಣೋ ನಿಜ?”

ಶಾಯಣ್ಣ ನೆಲ ನೋಡುತ್ತಾ ಏನೋ ಗೊಣಗಿದರು. ಅಕ್ಕ ತುಟಿ ನೋಡಿಯೇ ಮಾತು ತಿಳಿಯಬೇಕು.

“ತಲೆ ಎತ್ತಿ ಹೇಳು. ನನಗೆ ಕೇಳಿಸಲ್ಲ.”

ಅವರು ತಲೆ ಎತ್ತಿ ಹೇಳಿದರು. ಎಲ್ಲವನ್ನೂ. ಹೇಳಿ ಮುಗಿದ ಮೇಲೆ ಅಕ್ಕ ಎರಡೂ ಪುಸ್ತಕಗಳನ್ನು ಮುಚ್ಚಿಟ್ಟರು.

“ಹಾಗಾದ್ರೆ ಹಣ್ಣಿನಂಗಡಿಯವನಿಗೂ ಗೊತ್ತು. ಅವನ ಮಗಳು ಈ ಪುಸ್ತಕ ಓದ್ತಾಳೆ. ನಾನು ಐದನೆಯವಳು ಅಂತ ಹೇಳ್ಕೊಂಡು ಓಡಾಡೋವಾಗ ಅವರು ಮುಖ ಮುಖ ನೋಡ್ಕೊಳ್ತಿದ್ದದ್ದು ಅದಕ್ಕೇ.” ಕೇಳಿಸದವರ ಮಾತು ಸ್ವಲ್ಪ ಜೋರು, ಪಕ್ಕದ ಮನೆಗೂ ಕೇಳಿಸುವಂತಿತ್ತು. “ಬೈದಿದ್ರೆ ಬೈಸ್ಕೊಳ್ತಿದ್ದೆ ಕಣೋ. ಎಕ್ಸ್‌ಚೇಂಜಿನಲ್ಲಿ ದಿನಾ ಬೈಸ್ಕೊಂಡೇ ಬದುಕಿದವಳು ನಾನು. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿಲ್ಲದ ಹಾಗೆ ಮಾಡಿಬಿಟ್ಯಲ್ಲ.”

ಮರುದಿನದಿಂದ ಹಣ್ಣು ತರಕಾರಿಗೆ ಶಾಯಣ್ಣನೇ ಹೋಗತೊಡಗಿದರು. ಅರ್ಧ ಬಿಡಿಸಿದ್ದ ಬೇರೆ ಸಂಚಿಕೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದರು. ಊರಿನ ಸಂಚಿಕೆ ಬಿಡಿಸಲು ಕೂತರು.

ನಾನು ಪುಟ ಜೋಡಿಸುತ್ತಾ ಅದನ್ನು ಓದಿದೆ. ಸುರಂಗ ಕುಸಿಯುತ್ತಿದೆ. ದೂರಗಿವಿ ಕತ್ತಲಲ್ಲಿ ಕೂತು ಒಬ್ಬೊಬ್ಬರಿಗೂ ದಾರಿ ಹೇಳಿ ಹೊರಗೆ ಕಳಿಸುತ್ತಾಳೆ. ತಾನು ಏಳಬೇಕೆನ್ನುವಾಗ ಇನ್ನೊಂದು ಕೂಗು ಕೇಳಿಸುತ್ತದೆ, ಹಾಗೆಯೇ ಕೂತುಬಿಡುತ್ತಾಳೆ. ಕೊನೆಯ ಚಿತ್ರದಲ್ಲಿ ಉಳಿದ ನಾಲ್ವರು ಬೀದಿಯ ನಡುವೆ ಸುಮ್ಮನೆ ನಿಂತಿದ್ದಾರೆ. ಊರಿನಲ್ಲಿ ಯಾರೋ ಕೂಗುತ್ತಿರಬೇಕು, ಎಲ್ಲಿ ಎಂದು ಅವರಿಗೆ ಗೊತ್ತಿಲ್ಲ.

ಸಂಚಿಕೆ ಹೊರಬಿದ್ದ ಮೇಲೆ ಬಂದವು ನೋಡಿ ಪತ್ರಗಳು. ಟಪಾಲಿನವನು ಚೀಲ ಕುಕ್ಕಿ, ನಿಮ್ಮಲ್ಲಿ ಯಾರದಾದರೂ ಮದುವೆಯೇ ಎಂದು ಕೇಳಿದ. ‘ಬಂಡೆ ಅಷ್ಟು ಬಲಶಾಲಿಯಾಗಿ ಏನು ಬಂತು, ಯಾವ ಗೋಡೆ ಒಡೆಯಬೇಕೆಂದು ಹೇಳುವವಳೇ ಇಲ್ಲವಲ್ಲ’ ಎಂದು ಒಬ್ಬ ಡ್ರೈವರ್. ‘ಸಾಯಿಸಿ ಎಂದು ಬರೆದವನು ನಾನೇ, ತಪ್ಪಾಯಿತು’ ಎಂದು ಒಬ್ಬ. ರಾತ್ರಿಪಾಳಿಯ ನರ್ಸ್ ಒಬ್ಬಳು, ‘ನಾನು ಇಡೀ ರಾತ್ರಿ ಮಾಡುವುದೂ ಇದನ್ನೇ, ಯಾರು ಕರೆದರು ಎಂದು ಕೇಳಿಸಿಕೊಳ್ಳುವುದು’ ಎಂದು ಬರೆದಿದ್ದಳು. ಇಬ್ಬರೋ ಮೂವರೋ ಪೀಡೆ ತೊಲಗಿತು ಎಂದೂ ಬರೆದಿದ್ದರು. ಬಿಳಿ ಕ್ಲಿಪ್ಪು ಮುಗಿದು ನಾನು ಗುಂಡುಪಿನ್ನು ಚುಚ್ಚಿದೆ. ಯಜಮಾನರು ಬಾಗಿಲಲ್ಲಿ ನಿಂತು, “ಆಕೆಯನ್ನ ಹೇಗಾದ್ರೂ ಬದುಕಿಸೋಕಾಗುತ್ತಾ ನೋಡಿ” ಎಂದರು. ಅವರ ಮುಖಕ್ಕೆ ಗೋಂದಿನ ಡಬ್ಬಿ ಎಸೆಯಬೇಕು ಅನ್ನಿಸಿತು.

ಶಾಯಣ್ಣ ಮಾತ್ರ ಅಂದು ಎಷ್ಟೋ ವಾರಗಳ ಮೇಲೆ ನಕ್ಕರು. ಪತ್ರಗಳನ್ನೆಲ್ಲ ಚೀಲಕ್ಕೆ ತುಂಬಿ, ಸಾಕ್ಷಿ ಹೇಳಲು ನೀನೂ ಬಾ ಎಂದು ನನ್ನನ್ನು ಎಳೆದುಕೊಂಡು ಮನೆಗೆ ಹೋದರು.

ಅಕ್ಕ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ಓದಿದರು. ಒಂದನ್ನೂ ಬಿಡಲಿಲ್ಲ. ನರ್ಸಿನ ಪತ್ರವನ್ನು ಎರಡು ಸಲ ಓದಿದರು. ಶಾಯಣ್ಣ ಅವರ ಮುಖವನ್ನೇ ನೋಡುತ್ತ ಎದುರಿಗೆ ಕೂತಿದ್ದರು. ಓದಿ ಮುಗಿಸಿ ಅಕ್ಕ ಪತ್ರಗಳನ್ನು ಅಂಚು ಸರಿಮಾಡಿ ಜೋಡಿಸಿ ತಮ್ಮನ ಮುಂದಿಟ್ಟರು.

“ಈ ಸಲ ಚೆನ್ನಾಗಿ ಬರೆದಿದ್ದೀಯ. ಬೈಯೋರನ್ನೂ ಸೇರಿಸಿದ್ದೀಯ. ನಿಜ ಅಂತಲೇ ಅನ್ನಿಸುತ್ತೆ.”

ನಾನು ಮುಂದೆ ಬಂದು, ತುಟಿ ಬಿಡಿಸಿ ಹೇಳಿದೆ. “ನಿಜಾನೇ ಅಕ್ಕ. ನನ್ನಾಣೆ. ಕೈಬರಹ ನೋಡಿ, ಒಂದೊಂದೂ ಬೇರೆ ಬೇರೆ.”

“ಎಷ್ಟು ಥರದ ಅಕ್ಷರ ಬೇಕಾದ್ರೂ ಬರೀತಾನಮ್ಮ ಇವನು. ಅದೇ ತಾನೇ ಇವನ ಕೆಲಸ. ಪುಟ ಜೋಡಿಸೋದು ನಿನ್ನ ಕೆಲಸ” ಎಂದರು. ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ.

“ನಿಜ ಅಕ್ಕ” ಎಂದರು ಶಾಯಣ್ಣ. ತಲೆ ಎತ್ತಿ, ತುಟಿ ಬಿಡಿಸಿ, ಇನ್ನೊಮ್ಮೆ “ನಿಜ” ಎಂದರು.

ಅಕ್ಕ ತಮ್ಮನ ಬಲಗೈಯನ್ನು ತಮ್ಮ ಮಡಿಲಿಗೆಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದರು.

“ಇನ್ನು ಸಾಕು ಬಿಡೋ. ಎಷ್ಟು ಅಂತ ಬರೀತೀಯ, ಕೈ ನೋಯಲ್ವಾ?”