ಸಾಬೂನಿನ ಶತ್ರು ತೊಟ್ಟಪ್ಪ

ನೀರಿನ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ತೊಟ್ಟಪ್ಪ ಎಂದೇ ಕರೆಯುತ್ತಿದ್ದರು. ರಾಜರು ಆನೆ, ಕುದುರೆ ಕಟ್ಟಿಕೊಂಡು ಯುದ್ಧಕ್ಕೆ ಹೋದರೆ, ಈ ವೀರ ಒಂದೇ ಒಂದು ತೊಟ್ಟು ಕ್ಲೋರೋಫಾರ್ಮ್ ಹಿಡಿದು ಲೋಕದ ಸಮಸ್ತ ಸಾಬೂನಿನ ಮೇಲೆ ಸಮರ ಸಾರಿದ್ದರು.

ನದಿ ನೀರಿನಲ್ಲಿ ಎಷ್ಟು ಡಿಟರ್ಜೆಂಟ್ ಸೇರಿದೆ ಎಂದು ಅಳೆಯಲು ಉಳಿದವರು ಬಿರಡೆ ಹಾಕುವ ದೊಡ್ಡ ಗಾಜಿನ ಆಲಿಕೆಗೆ ನೀರಿನ ಜೊತೆ ಲೋಟಗಟ್ಟಲೆ ಕ್ಲೋರೋಫಾರ್ಮ್ ಸುರಿದು, ತೋಳು ಬಿದ್ದುಹೋಗುವಷ್ಟು ಕುಲುಕುತ್ತಿದ್ದರು. ತೊಟ್ಟಪ್ಪನವರು ಕಿರುಬೆರಳಿನಷ್ಟು ಸೀಸೆಗೆ ನೀರು ತುಂಬಿ, ಚೂರು ನೀಲಿ ಬಣ್ಣ ಬೆರೆಸಿ, ಸೂಜಿಯ ತುದಿಯಿಂದ ಒಂದು ತೊಟ್ಟನ್ನು ಅದರೊಳಗೆ ನೇತುಬಿಡುತ್ತಿದ್ದರು. ಡಿಟರ್ಜೆಂಟ್ ಇದ್ದರೆ ಅದು ಬಣ್ಣವನ್ನೂ ಎಳೆದುಕೊಂಡು ತೊಟ್ಟಿನೊಳಗೆ ನುಗ್ಗುತ್ತಿತ್ತು, ತೊಟ್ಟು ನೀಲಿಯಾಗುತ್ತಿತ್ತು. ಇಲ್ಲದಿದ್ದರೆ ತೊಟ್ಟು ತಿಳಿಯಾಗಿಯೇ ಉಳಿಯುತ್ತಿತ್ತು.

ಎಲ್ಲಿ ಸಾಬೂನು ಸೋಂಕಿದರೂ ಲೆಕ್ಕ ಕೆಡುವುದರಿಂದ ತೊಟ್ಟಪ್ಪನವರು ಹತ್ತೊಂಬತ್ತು ವರ್ಷ ಸಾಬೂನು ಮುಟ್ಟಿರಲಿಲ್ಲ. ಗಾಜಿಗೆ ಆಮ್ಲ, ಅಂಗಿಗೆ ಬಿಸಿನೀರು, ಮೈಗೆ ಬರೀ ನೀರು. ಅವರು ಲಿಫ್ಟ್ ಹತ್ತಿದರೆ ಉಳಿದವರಿಗೆಲ್ಲ ಮೆಟ್ಟಿಲು ಹತ್ತುವ ವ್ಯಾಯಾಮದ ನೆನಪಾಗುತ್ತಿತ್ತು. ಅವರಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಅವರ ಮೂಗನ್ನು ಕ್ಲೋರೋಫಾರ್ಮ್ ಎಂದೋ ತಿಂದು ಮುಗಿಸಿತ್ತು.

ಕೊನೆಗೂ ದಿಗ್ವಿಜಯದ ದಿನ ಬಂತು. ತೊಟ್ಟಿನ ಪದ್ಧತಿಯನ್ನು ಪ್ರಯೋಗಾಲಯದ ನಿಯಮಕ್ಕೆ ಸೇರಿಸಬೇಕೇ, ಶಾಶ್ವತವಾಗಿ ಕೈಬಿಡಬೇಕೇ ಎಂದು ತೀರ್ಮಾನಿಸಲು ಸಮಿತಿ ಕೂರಲಿತ್ತು. ಬೆಳಗ್ಗೆ ಹೆಂಡತಿ ಅಂಗಿ ತಂದುಕೊಟ್ಟಳು.

"ಬಿಸಿನೀರಲ್ಲೇ ಒಗೆದಿದ್ದು ತಾನೆ?"

"ಹೌದು ಕಣ್ರೀ. ಹಾಕ್ಕೊಳಿ, ಹೊತ್ತಾಯ್ತು."

ಪಾಪ, ಆಕೆಗೂ ಆಸೆ ಇರಬಾರದೇ? ದೊಡ್ಡವರ ಮುಂದೆ ಗಂಡ ಒಂದು ದಿನವಾದರೂ ಮನುಷ್ಯರ ಹಾಗೆ ನಿಲ್ಲಲಿ ಎಂದು, ಮಲ್ಲಿಗೆ ಪರಿಮಳದ ಪುಡಿಯಲ್ಲಿ ರಾತ್ರಿಯಿಡೀ ನೆನೆಸಿ, ಅರೆಬರೆ ಜಾಲಿಸಿ ಒಣಗಿಸಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಜನ ಬಂದು ಕೂತರು. ತೊಟ್ಟಪ್ಪನವರು ಅದನ್ನು ಶುಭಶಕುನವೆಂದುಕೊಂಡರು.

ಮೊದಲು ಶುದ್ಧ ನೀರಿನ ಪರೀಕ್ಷೆ. ಅದರಲ್ಲಿ ತೊಟ್ಟು ತಿಳಿಯಾಗಿ ಉಳಿದರೆ ಮಾತ್ರ ಮುಂದಿನ ಮಾತು. ತೊಟ್ಟಪ್ಪನವರು ಬಟ್ಟಿ ಇಳಿಸಿದ ನೀರಿನ ಬೋಗುಣಿಗೆ ಮುಂಗೈವರೆಗೆ ಕೈ ಅದ್ದಿ, ಅಂಗಿಯ ತೋಳಿನ ತುದಿ ತೊಯ್ದದ್ದನ್ನು ಲೆಕ್ಕಿಸದೆ, ಗಾಂಭೀರ್ಯದಿಂದ ಸೀಸೆ ತುಂಬಿದರು. ತೊಟ್ಟು ನೇತುಬಿಟ್ಟರು.

ನೀಲಿ.

ಎರಡನೆಯ ಸೀಸೆಯೂ ನೀಲಿ. ಮೂರನೆಯದಂತೂ ಕಡುನೀಲಿ.

"ಶುದ್ಧ ನೀರಲ್ಲೂ ಸಾಬೂನು ಕಂಡುಹಿಡಿದ್ರಲ್ಲ ಸಾರ್, ನಿಮ್ಮಂಥೋರು ಇನ್ನೊಬ್ರಿಲ್ಲ" ಎಂದ ಇಪ್ಪತ್ತು ವರ್ಷದಿಂದ ಆಲಿಕೆ ಕುಲುಕುತ್ತಿದ್ದ ಸಹೋದ್ಯೋಗಿ. ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮಧ್ಯಾಹ್ನ ತೊಟ್ಟಪ್ಪನವರು ಬಾಗಿಲು ಹಾಕಿಕೊಂಡು ಒಂದೊಂದನ್ನೇ ಪರೀಕ್ಷಿಸಿದರು. ಸೀಸೆ, ಸೂಜಿ, ಬಣ್ಣ ಎಲ್ಲ ನಿರಪರಾಧಿಗಳು. ಕೊನೆಗೆ ಅಂಗಿಯ ತೋಳನ್ನು ನೀರಿಗೆ ಹಿಂಡಿದರು. ತೊಟ್ಟು ಶಾಯಿಯಂತಾಯಿತು. ಅವರು ಆ ಸೀಸೆಯನ್ನು ಕಿರೀಟದಂತೆ ಎತ್ತಿ ಹಿಡಿದು ನಿರ್ದೇಶಕಿಯ ಕೋಣೆಗೆ ಓಡಿದರು.

"ಮೇಡಂ, ತೊಟ್ಟು ತಪ್ಪು ಹೇಳ್ಲಿಲ್ಲ. ನನ್ನ ಅಂಗೀನಲ್ಲಿ ಪುಡಿ ಇತ್ತು, ಅದನ್ನೇ ತೋರಿಸ್ತು. ಅಷ್ಟು ಸೂಕ್ಷ್ಮ ಮೇಡಂ ಇದು."

ನಿರ್ದೇಶಕಿ ಕಾಗದದಿಂದ ತಲೆ ಎತ್ತಲಿಲ್ಲ. "ಅಂದ್ರೆ ನಿಮ್ಮ ಪದ್ಧತಿ ಬೇಕಾದ್ರೆ ನಮ್ಮ ನಲವತ್ತು ಜನಾನೂ ಬಟ್ಟೆ ಒಗೀದೆ ಬರ್ಬೇಕು. ನಿಮ್ಮೊಬ್ರನ್ನ ಸಹಿಸ್ಕೊಂಡಿದ್ದು ಸಾಲ್ದಾ?"

"ಇನ್ನೊಂದ್ಸಲ ಮಾಡಿ ತೋರಿಸ್ತೀನಿ..."

"ಸಮಿತಿ ಊಟಕ್ಕೆ ಹೋಯ್ತು. ನೀವೂ ಹೋಗಿ."

ಸೋಮವಾರ ಆದೇಶ ಬಂತು. ತೊಟ್ಟಪ್ಪನವರ ಶುಚಿತ್ವದ ಅನುಭವವನ್ನು ಪರಿಗಣಿಸಿ ಅವರನ್ನು ಗಾಜು ತೊಳೆಯುವ ಕೋಣೆಗೆ ಕಳುಹಿಸಲಾಗಿತ್ತು. ಉಗ್ರಾಣದವನು ಐದು ಲೀಟರಿನ ಸಾಬೂನು ದ್ರಾವಣದ ಕ್ಯಾನು ಕೊಟ್ಟು ಸಹಿ ಹಾಕಿಸಿಕೊಂಡ. ಬೇಸಿನ್ನಿನಲ್ಲಿ ಅವರಿಗಾಗಿ ಕಾಯುತ್ತಿದ್ದ ಮೊದಲ ಪಾತ್ರೆ ಅದೇ ದೊಡ್ಡ ಆಲಿಕೆ.

ಸಂಜೆ ಮನೆಯಲ್ಲಿ ಹೆಂಡತಿ ನೀರಿನ ಲೋಟ ಕೊಡುತ್ತಾ ಅವರ ಕೈಯನ್ನು ಹತ್ತಿರ ಎಳೆದುಕೊಂಡು ಮೂಸಿದಳು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

"ಎಷ್ಟು ಘಮ್ ಅಂತಿದೆ ನೋಡ್ರೀ."

ತೊಟ್ಟಪ್ಪನವರು ಅಂಗೈಯನ್ನು ಮೂಗಿಗೆ ಹಿಡಿದು, ಜೋರಾಗಿ ಉಸಿರೆಳೆದು ನೋಡಿದರು. ಏನೂ ಗೊತ್ತಾಗಲಿಲ್ಲ.